ಕಿಟ್ಟಿಯ ಪಾಲು

“ಇವತ್ತ ನಾಗಪ್ಪನ ಮುಂದ ಈ ಕೂಸಿನ ಹಾಲಿಂದು ತೀರ್ಮಾನ ಆಗಬೇಕು, ನಡೀ” ಎಂದು ಅಕ್ಕವ್ವ ಹಾಲಿನ ತಂಬಿಗೆ ಎತ್ತಿಕೊಂಡು ಹೊರಟೇಬಿಟ್ಟಾಗ ಸೊಸೆ ಚೇತನಾ ಗಾಬರಿಯಿಂದ ಎದ್ದಳು. ಮಗ ಕಿಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅತ್ತೆಯ ಹಿಂದೆ ಓಡಿದಳು. ನಾಗರಪಂಚಮಿಯ ದಿನ ದೇವರ ಹತ್ತಿರ ಹೋಗುವುದು ಬೇಡ ಎನ್ನುವುದಾದರೂ ಹೇಗೆ?

ಕಿಟ್ಟಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಹಾಲು ಒಳಗೆ ಹೋದರೆ ಸಾಕು, ಹೊಟ್ಟೆ ಉಬ್ಬರಿಸಿ, ಭೇದಿ ಶುರುವಾಗಿ, ಮಗು ಕಾಲು ಮಡಚಿಕೊಂಡು ಒಂದೇ ಸಮನೆ ಅಳುತ್ತದೆ. ಹಾಲು, ಮೊಸರು, ಬೆಣ್ಣೆ ಯಾವುದೂ ಬೇಡವೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸೋಮವಾರದಿಂದ ಚೇತನಾ ವಿಜಯನಗರದ ಕನ್ನಡಕದಂಗಡಿಯ ಕೆಲಸಕ್ಕೆ ಮರಳಬೇಕು. ಗಂಡ ಫಕೀರೇಶ ಬೆಳಗಾದರೆ ಡೆಲಿವರಿ ಬ್ಯಾಗು ಬೆನ್ನಿಗೇರಿಸಿ ಹೋಗುವವನು. ಕಿಟ್ಟಿಯನ್ನು ನೋಡಿಕೊಳ್ಳಲೆಂದೇ ಅಕ್ಕವ್ವ ಗದಗದ ಕಡೆಯಿಂದ ಬಂದಿದ್ದಳು.

ಆದರೆ ಅಕ್ಕವ್ವ ಜೀವನವಿಡೀ ಎಮ್ಮೆ ಕಟ್ಟಿದವಳು. “ಹಾಲು ಆಗಂಗಿಲ್ಲ ಅಂದ್ರ ಏನ? ನೀರು ಆಗಂಗಿಲ್ಲ ಅಂದಂಗಾತು!” ಎಂದು ಬಂದ ದಿನವೇ ಡಾಕ್ಟರಿಗೆ ಬೈದಿದ್ದಳು. ಬೇಡ ಅಂದದ್ದು ಹಾಲು ತಾನೇ, ಪೇಡೆ ಅಲ್ಲವಲ್ಲ ಎಂದು ಊರಿಂದ ತಂದ ಪೇಡೆಯ ಚೂರು ತಿನ್ನಿಸಿದ್ದಳು. ಆಮೇಲೆ ಮಗು ಒದ್ದಾಡಿದ್ದನ್ನು ಕಣ್ಣಾರೆ ಕಂಡಮೇಲೆ ಹಾಲಿನ ಸುದ್ದಿಯನ್ನೇ ಎತ್ತಿರಲಿಲ್ಲ. ಆ ಮೌನವೇ ಚೇತನಾಳಿಗೆ ಇನ್ನಷ್ಟು ಭಯ. ತಾನಿಲ್ಲದಾಗ ಒಂದು ಲೋಟ ಕುಡಿಸಿಬಿಟ್ಟರೆ? ಆ ಹೆದರಿಕೆಗೆ ಅಂಗಡಿಯವರಿಗೆ ಬರುತ್ತೇನೆ ಎಂದೂ ಹೇಳಿರಲಿಲ್ಲ, ಬರುವುದಿಲ್ಲ ಎಂದೂ ಹೇಳಿರಲಿಲ್ಲ.

ಅನ್ನಪೂರ್ಣೇಶ್ವರಿ ನಗರದ ಅರಳಿಕಟ್ಟೆಯ ಸುತ್ತ ಹೆಂಗಸರ ಗುಂಪು. ನಾಗರಕಲ್ಲುಗಳು ಅರಿಶಿನ ಕುಂಕುಮದಲ್ಲಿ ಮುಳುಗಿಹೋಗಿದ್ದವು. ಇವರ ಮನೆ ಓನರ್ ಮುನಿತಾಯಮ್ಮ ಆಗಲೇ ಹಾಲೆರೆದು, ಪ್ರಸಾದಕ್ಕೆಂದು ಬಟ್ಟಲ ತಳದಲ್ಲಿ ಒಂದಿಷ್ಟು ಉಳಿಸಿಕೊಂಡು ನಿಂತಿದ್ದಳು. ಕಿಟ್ಟಿಯನ್ನು ಕಂಡದ್ದೇ ಕೆನ್ನೆ ಹಿಂಡಿದಳು.

“ಆಲು! ಆಲು!” ಕಿಟ್ಟಿ ಬಟ್ಟಲಿಗೆ ಕೈಚಾಚಿದ.

“ನೋಡಮ್ಮ, ಮಗುನೇ ಕೇಳ್ತಾ ಇದೆ. ಒಂದು ತೊಟ್ಟು ಬಾಯಿಗೆ ಬಿಡ್ತೀನಿ.”

“ಬೇಡ ಆಂಟಿ, ಅವನಿಗೆ ಹಾಲು ಆಗಲ್ಲ. ಡಾಕ್ಟರ್ ಹೇಳಿದಾರೆ” ಎಂದಳು ಚೇತನಾ.

“ಹೆಸರು ಕಿಟ್ಟಿ ಅಂತಿಟ್ಕೊಂಡು ಹಾಲು ಬೆಣ್ಣೆ ಬೇಡ ಅಂದ್ರೆ ಹೆಂಗಮ್ಮಾ! ಪ್ರಸಾದ ಕಣಮ್ಮ ಇದು, ಏನೂ ಆಗಲ್ಲ. ನಿಮ್ ಸೊಸೆಗೆ ನೀವಾದ್ರೂ ಹೇಳಿ, ಅಕ್ಕವ್ವೋರೇ.”

“ತಡೀರಿ, ಮೊದಲ ನಮ್ಮ ಹಾಲು ಎರಿಯೂಣು” ಎಂದಷ್ಟೇ ಹೇಳಿ ಅಕ್ಕವ್ವ ಕಲ್ಲಿನ ಮುಂದೆ ಕುಳಿತಳು. ಮುಗೀತು, ಇನ್ನು ಪ್ರಸಾದದ ನೆಪದಲ್ಲಿ ಇಬ್ಬರೂ ಸೇರಿ ಕುಡಿಸಿಯೇ ತೀರುತ್ತಾರೆ ಎಂದುಕೊಂಡ ಚೇತನಾ ಮಗುವಿನ ಮುಖವನ್ನು ಹೆಗಲಿಗೆ ಒತ್ತಿ ಹಿಡಿದಳು.

ಅಕ್ಕವ್ವನ ಸೀಮೆಯಲ್ಲಿ ಪಂಚಮಿಯ ಹಾಲನ್ನು ಸುಮ್ಮನೆ ಎರೆಯುವುದಿಲ್ಲ, ಮನೆಮಂದಿಯ ಹೆಸರು ಹಿಡಿದು ಅವರವರ ಪಾಲು ಎರೆಯುತ್ತಾರೆ. “ಇದು ದೇವರ ಪಾಲು. ಇದು ಗುರುವಿನ ಪಾಲು. ಇದು ಫಕೀರೇಶನ ಪಾಲು. ಇದು ಚೇತನಾನ ಪಾಲು” ಎನ್ನುತ್ತ ಒಂದೊಂದು ಹೆಸರಿಗೂ ಒಂದೊಂದು ಎಳೆ ಹಾಲು ಬಿಟ್ಟಳು. ತಂಬಿಗೆ ಇನ್ನೂ ಮುಕ್ಕಾಲು ತುಂಬಿತ್ತು. ಕೈ ತುಸು ನಿಂತಿತು. ಅಕ್ಕವ್ವ ತಿರುಗಿ ಮೊಮ್ಮಗನನ್ನೊಮ್ಮೆ ನೋಡಿದಳು.

“ಇದು ಕಿಟ್ಟಿ ಪಾಲು.” ತಂಬಿಗೆಯನ್ನೇ ಬೋರಲು ಹಾಕಿದಳು. “ಇವತ್ತಿನದಷ್ಟ ಅಲ್ಲ ಯಪ್ಪಾ. ನಾ ಇವಗ ಕುಡಸಬೇಕಂತ ಆಸೆ ಇಟಗೊಂಡಿದ್ದೆನಲ್ಲಾ, ಅಷ್ಟೂ. ಕೂಸಿಗೆ ದಕ್ಕಂಗಿಲ್ಲ. ನೀನ ಕುಡಿ.”

ಹಾಲು ಕಲ್ಲಿನ ಹೆಡೆಯಿಂದ ಇಳಿದು ಕಟ್ಟೆಯ ಮೇಲೆಲ್ಲ ಹರಿಯಿತು. ಭಲೇ ಅಕ್ಕವ್ವ! ಎಮ್ಮೆ ಹಾಲಿನಲ್ಲೇ ಮಕ್ಕಳನ್ನು ಬೆಳೆಸಿದ ಹೆಂಗಸು ಮೊಮ್ಮಗನಿಗೆ ಹಾಲು ಕುಡಿಸುವ ಆಸೆಯನ್ನು ಹೀಗೆ ಹತ್ತು ಜನರೆದುರು ಬಿಟ್ಟುಕೊಡುವುದೆಂದರೆ ಹುಡುಗಾಟವೇ? ಇಷ್ಟು ದಿನ ಇವಳನ್ನು ಅನುಮಾನಿಸಿದೆನಲ್ಲ ಎಂದು ಚೇತನಾಳಿಗೆ ಅಳುವೇ ಬಂತು.

“ಅಯ್ಯೋ, ಪ್ರಸಾದಕ್ಕೂ ಒಂದು ತೊಟ್ಟು ಉಳಿಸ್ಲಿಲ್ವಲ್ರೀ! ಹೋಗ್ಲಿ ಬಿಡಿ, ನನ್ ಬಟ್ಟಲಲ್ಲಿದೆ” ಎಂದು ಮುನಿತಾಯಮ್ಮ ಮತ್ತೆ ಮುಂದೆ ಬಂದಳು.

ಅಕ್ಕವ್ವ ಆ ಕೈಯನ್ನು ಮೆತ್ತಗೆ ಹಿಡಿದು ಹಿಂದಕ್ಕೆ ಸರಿಸಿದಳು. “ಬ್ಯಾಡ ನಮ್ಮವ್ವಾ. ಇವನ ಪಾಲು ಕೊಟ್ಟಾತು. ದೇವರ ಬಾಯಾಗಿಂದು ಕಸಗೊಂಡು ಕೂಸಿಗೆ ಕುಡಸ್ಲೇನು?”

ಮುನಿತಾಯಮ್ಮ ಬಟ್ಟಲ ಹಾಲನ್ನು ತಾನೇ ಕುಡಿದು, ತಟ್ಟೆಯಲ್ಲಿದ್ದ ಬಾಳೆಹಣ್ಣೊಂದನ್ನು ಕಿಟ್ಟಿಯ ಕೈಗೆ ಕೊಟ್ಟಳು. ಅವನು ಹಾಲನ್ನು ಮರೆತು ಸಿಪ್ಪೆಯ ಸಮೇತ ಕಚ್ಚಿದ.

ಮನೆಯ ತಿರುವಿಗೆ ಬಂದಾಗ ಚೇತನಾ ಕೇಳಿದಳು. “ಅತ್ತೆ, ಸೋಮವಾರದಿಂದ ಬರ್ತೀನಿ ಅಂತ ಅಂಗಡಿಗೆ ಫೋನ್ ಮಾಡ್ಲಾ?”

“ಮಾಡು, ಯಾರ ಬ್ಯಾಡ ಅಂದಾರ?” ಎಂದು ಅಕ್ಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆದ್ರ, ಏನ ತಿನ್ನಬಾರದು ಅನ್ನೂದನ್ನ ಕೇಳಿ ಕೇಳಿ ನನ್ನ ಕಿವಿ ಕಿವುಡಾಗ್ಯಾವು. ನನ್ನ ಮೊಮ್ಮಗ ಏನೇನ ತಿಂತಾನ, ಅದನ್ನ ಹೇಳಿ ಹೋಗು.”