ದುರ್ಬೀನು ಯಾರ ಕಣ್ಣಿಗೆ?

“ಕಣ್ಣು ಮುಚ್ಚಿ ಬಂದೂಕು ಭುಜಕ್ಕ ಹಚ್ಕೋರಿ. ಆಮ್ಯಾಲ ಕಣ್ಣು ತೆಗೀರಿ. ದುರ್ಬೀನದಾಗ ಪೂರಾ ದುಂಡಗ ಕಂಡ್ರ ಅದ ನಿಮ್ಮ ಅಳತಿ” ಎಂದು ಹೇಳಿ ತೌಹೀದ ಬಂದೂಕು ಎತ್ತಿಕೊಟ್ಟ. ಕೊಟ್ಟದ್ದು ರುದ್ರೇಶನಿಗೆ. ಪಕ್ಕದಲ್ಲೇ ಕೈ ಚಾಚಿ ನಿಂತಿದ್ದ ಅವನ ತಂಗಿ ತನುಜಾಳ ಕೈ ಹಾಗೇ ಉಳಿಯಿತು. ಬಂದೂಕಿಗೆ ದುರ್ಬೀನು ಕೂಡಿಸಲೆಂದು ಸವಣೂರಿನ ತೌಹೀದನ ಈ ರಿಪೇರಿ ಅಂಗಡಿಗೆ ಅಣ್ಣ ತಂಗಿ ಬಂದು ಒಂದು ತಾಸಾಗಿತ್ತು. ಅಷ್ಟರಲ್ಲಿ ತೌಹೀದ ಅವಳ ಜೊತೆ ಆಡಿದ್ದು ಒಂದೇ ಮಾತು: “ಅಕ್ಕಾರ, ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ.”

ಬಂದೂಕು ತನುಜಾಳದು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ, ಹಿಂದೆ ಕಿಡಿ ಹಾರಿಸುವ ಕೇಪು ಕೂಡಿಸಿ ಹೊಡೆಯುವ ಹಳೇ ಕಾಲದ್ದು. ತಿಳವಳ್ಳಿಯ ಹೊಲದಲ್ಲಿ ಗೋವಿನಜೋಳವನ್ನು ಹಂದಿಗಳಿಂದ ಕಾಯಲು ಅಪ್ಪ ಇಟ್ಟುಕೊಂಡಿದ್ದ. ಕೈಲಾಗದೆ ಮಲಗಿದ ಮೇಲೆ ಹೊಲವನ್ನೂ ಲೈಸೆನ್ಸನ್ನೂ ಮಗಳ ಹೆಸರಿಗೇ ಮಾಡಿಸಿದ. ಯಾಕೆಂದರೆ ಆಗಲೇ ಎರಡು ಸುಗ್ಗಿ ಹೊಲ ಕಾದವಳು ಅವಳು. ಆದರೂ ಊರಲ್ಲಿ ಯಾರನ್ನೇ ಕೇಳಿ, ಅದು ‘ರುದ್ರೇಶನ ಬಂದೂಕು’. ರುದ್ರೇಶನೂ ಯಾವತ್ತೂ ಅಲ್ಲ ಅಂದವನಲ್ಲ.

ದುರ್ಬೀನು ಆರಿಸುವಾಗಲೇ ಅವಳಿಗೆ ಅರ್ಧ ತಲೆ ಕೆಟ್ಟಿತ್ತು. ಮೇಜಿನ ಮೇಲೆ ಮೂರು ಇದ್ದವು. ರುದ್ರೇಶ ಸೀದಾ ಕೈ ಹಾಕಿದ್ದು ಎಲ್ಲಕ್ಕಿಂತ ಉದ್ದನೆಯದಕ್ಕೆ, ಒಳಗೆ ಕೆಂಪು ದೀಪ ಹತ್ತುವಂಥದ್ದಕ್ಕೆ. ತನುಜಾ ಬೇಡವೆಂದಳು. ಅಷ್ಟುದ್ದದ್ದು ಹಿಂದಕ್ಕೆ ಚಾಚಿಕೊಂಡರೆ ಕೇಪು ಇಡಲು ಬೆರಳು ಹೋಗುವುದಿಲ್ಲ. ಮೇಲಾಗಿ ಈ ಬಂದೂಕು ಒದೆಯುವ ಒದೆತಕ್ಕೆ ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ಅಂತರ ಇರದಿದ್ದರೆ ಹುಬ್ಬು ಒಡೆದುಹೋಗುತ್ತದೆ. ಅದಕ್ಕೇ ಕಣ್ಣು ದೂರವಿಟ್ಟು ನೋಡಿದರೂ ಕಾಣುವ ಸಣ್ಣದನ್ನು ಆರಿಸಿದಳು. ತೌಹೀದ ಹೌದೌದು ಎಂದು ತಲೆದೂಗಿದ. ತಲೆದೂಗಿ, ರುದ್ರೇಶನ ಕಡೆ ತಿರುಗಿ, “ತಂಗಿಗೆ ಬರೋಬ್ಬರಿ ಹೇಳಿಕೊಟ್ಟೀರಿ ನೋಡ್ರಿ!” ಎಂದ. ಇದಕ್ಕೆ ಏನನ್ನಬೇಕು? ರುದ್ರೇಶ ಮೀಸೆ ಸವರಿಕೊಂಡ.

ತೌಹೀದ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಮದ್ದು ಕೂಡುವ ಜಾಗದಲ್ಲಿ ನಳಿಗೆಗೆ ತೂತು ಹೊಡೆಯಲು ಅವನು ಸುತಾರಾಂ ಒಪ್ಪಲಿಲ್ಲ. ನಳಿಗೆಯನ್ನು ತಬ್ಬಿ ಹಿಡಿಯುವ ಎರಡು ಪಟ್ಟಿಗಳನ್ನು ತಾನೇ ಅರದಿಂದ ಉಜ್ಜಿ ಕೂಡಿಸಿದ, ಅದರ ಮೇಲೆ ದುರ್ಬೀನು ಇಟ್ಟ. ರುದ್ರೇಶ ಕಣ್ಣು ಮುಚ್ಚಿ ತೆರೆದು “ಹಿಂದ, ಇನ್ನೂ ಹಿಂದ” ಎನ್ನುತ್ತ ಹೋದ, ತೌಹೀದ ಸರಿಸುತ್ತ ಹೋದ, ಕೊನೆಗೆ ಸ್ಕ್ರೂ ಬಿಗಿದೇಬಿಟ್ಟ.

ತನುಜಾ ಬಂದೂಕನ್ನು ಕಸಿದುಕೊಂಡಂತೆಯೇ ಇಸಿದುಕೊಂಡು, ಖಾಲಿ ಗೋಡೆಯತ್ತ ಹಿಡಿದು ನೋಡಿದಳು. ಸುತ್ತಲೂ ಕಪ್ಪು, ನಡುವೆ ಒಂದು ಸೀಳು ಬೆಳಕು.

“ನನಗ ಕಾಣವಲ್ದು. ಸ್ಕ್ರೂ ಸಡ್ಲ ಮಾಡ್ರಿ.”

“ಅಕ್ಕಾರ, ಅಣ್ಣಾರಿಗೆ ಕಾಣತೈತಲ್ರಿ...”

“ಏ ತನೂ, ಸುಮ್ನಿರು,” ರುದ್ರೇಶ ನಕ್ಕ. “ಲೈಸೆನ್ಸು ಹೆಸರಿಗಷ್ಟ ನಿಂದು. ಹೊಡ್ಯಾವರು ನಾವು.”

ತನುಜಾಳಿಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷದಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಪರರ ಅಂಗಡಿಯಲ್ಲಿ, ಪರರ ಎದುರಿಗೇ ಹೊರಬಿತ್ತು.

“ಕೇಳ್ರಿ ತೌಹೀದವ್ರ. ಈ ಹೊಡ್ಯಾವರು ಹೊಡದದ್ದು ಒಂದ ಸಲ. ಹ್ವಾದ ವರ್ಷ, ಹಾಡಹಗಲ. ನಾ ಮನಿಗೆ ಊಟಕ್ಕ ಹೋಗಿದ್ದೆ. ಜ್ವಾಳದಾಗ ಏನೋ ಸಪ್ಪಳಾತು, ಹಂದಿ ಅಂತ ಹೊಡದ್ರು. ಹಂದಿ ಅಲ್ರಿ, ಹುಲ್ಲು ಕೊಯ್ಯಾಕತ್ತಿದ್ದ ನಮ್ಮೂರ ಗುತ್ತೆವ್ವ. ಗುಂಡು ತೋಳು ಸವರಿಕೊಂಡು ಹೋತು. ಒಂದು ಗೇಣು ಆ ಕಡೆ ಆಗಿದ್ರ ಎದಿನ ಇತ್ತು.”

“ತನುಜಾ, ಅದನ್ನ ಇಲ್ಲಿ ತಗೀಬ್ಯಾಡ.” ರುದ್ರೇಶನ ನಗು ಇಂಗಿತ್ತು.

“ಯಾಕ ತಗೀಬಾರ್ದು? ಅವತ್ತ ಠಾಣೆಗೆ ಯಾರು ಹ್ವಾದ್ರು? ‘ಲೈಸೆನ್ಸು ನಿಂದು, ನೀನ ಹೋಗು’ ಅಂದಿ. ನನ್ನ ಕೈ ಜಾರಿ ಹಾರಿತ್ರೀ ಅಂತ ಸುಳ್ಳು ಬರದು ಸಹಿ ಮಾಡಿದಾಕಿ ನಾನು. ಗುತ್ತೆವ್ವನ ಮನೀ ಬಾಗಿಲದಾಗ ಕೈ ಮುಗದು ನಿಂತಾಕಿ ನಾನು. ತಪ್ಪು ಹೊರಾಕ ಬಂದೂಕು ನಂದು, ಹಿಡಿಯಾಕ ನಿಂದು! ನ್ಯಾಯ ಎಲ್ಲೈತಣ್ಣಾ?”

ರುದ್ರೇಶ ಮೊಬೈಲು ತೆಗೆದು ಅದರಲ್ಲಿ ಏನನ್ನೋ ಹುಡುಕತೊಡಗಿದ. ತೌಹೀದ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲ ಮಾಡಿ, ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ತನುಜಾಳ ಮುಂದೆ ಚಾಚಿದ. ಅವಳು ಕಣ್ಣು ಮುಚ್ಚಿ ಭುಜಕ್ಕೆ ಹಚ್ಚಿಕೊಂಡಳು.  ಅವಳು ಕಣ್ಣು ತೆರೆಯುವ ತನಕ ಅವನು ಕಾದ. ಆಮೇಲೆ ಎರಡು ಬೆರಳಷ್ಟು ಮುಂದೆ ಸರಿಸಿ, ಅವಳು “ಹಾಂ, ಇಲ್ಲೇ” ಎಂದಲ್ಲಿ ನಿಲ್ಲಿಸಿ ಬಿಗಿದ.

“ಆ ಗುತ್ತೆವ್ವಾರು ಈಗ ಹ್ಯಾಂಗದಾರ್ರಿ?” ಕೊನೆಯ ಸ್ಕ್ರೂ ತಿರುಗಿಸುತ್ತ ತಲೆಯೆತ್ತದೆ ಕೇಳಿದ.

“ತೋಳಿನ ಗಾಯ ಮಾದೈತ್ರಿ. ದಿನಾ ಹುಲ್ಲಿಗೆ ಬರ್ತಾಳ,” ಎಂದಳು ತನುಜಾ. “ಆದ್ರ ಬದುವಿನ ಮ್ಯಾಲ ಕಾಲಿಟ್ಟಾಗಿಂದ ಹೊಳ್ಳಿ ಹೋಗೂತನಾ ಗಟ್ಟಿಯಾಗಿ ಹಾಡತಿರ್ತಾಳ. ಹಾಡು ಬರೂದಿಲ್ರಿ ಆಕಿಗೆ. ಜ್ವಾಳದಾಗ ಇರಾಕಿ ಮನಷ್ಯಾಳು ಅಂತ ಗೊತ್ತಾಗ್ಲಿ ಅಂತ ಹಾಡ್ತಾಳ.”