ಕಾರಿನಿಂದಿಳಿದ ಅಪ್ಪ

ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನೆನಪಾಗುವುದು ಸಿಡ್ನಿಯ ಒಂದು ಭಾನುವಾರದ ಮಧ್ಯಾಹ್ನ.

ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಅಕ್ಕ ಯೂನಿವರ್ಸಿಟಿಯ ಹುಡುಗಿಯರ ಅಮೆರಿಕನ್ ಫುಟ್‌ಬಾಲ್ ಟೀಮ್‌ನಲ್ಲಿ ಆಡುತ್ತಿದ್ದಳು. ಆ ಸೀಸನ್‌ನಲ್ಲಿ ಅವರು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. "ಮೈಕೈ ಮುರ್ಕೊಳ್ಳೋ ಆಟ ಯಾಕಮ್ಮ ನಿಂಗೆ? ಟೆನಿಸ್ ಆಡ್ಬಾರ್ದಾ?" ಎಂದು ಗೊಣಗುತ್ತಲೇ ಅಪ್ಪ ಪ್ರತಿ ವಾರ ಕ್ವೇಕರ್ಸ್ ಹಿಲ್‌ನ ಮನೆಯಿಂದ ನಮ್ಮಿಬ್ಬರನ್ನೂ ಪಂದ್ಯಕ್ಕೆ ಕರೆತರುತ್ತಿದ್ದರು. ಮೈದಾನಕ್ಕೆ ಮಾತ್ರ ಕಾಲಿಡುತ್ತಿರಲಿಲ್ಲ. ಅಕ್ಕನ ಮುಲಾಮಿನ ಘಾಟು ತುಂಬಿದ ಕಾರಿನಲ್ಲೇ ಕುಳಿತು ಪೇಪರ್ ಓದುತ್ತಿದ್ದರು.

ಆ ಭಾನುವಾರ, ಸೀಸನ್‌ನ ಕೊನೆಯ ಪಂದ್ಯದಲ್ಲಿ, ಎದುರು ಟೀಮ್‌ನ ಇಬ್ಬರು ಗಟ್ಟಿಮುಟ್ಟಾದ ಹುಡುಗಿಯರು ಅಕ್ಕನ ಮೇಲೆ ಬಿದ್ದರು. ಅವರು ಎದ್ದರು, ಅಕ್ಕ ಏಳಲಿಲ್ಲ. ನಾನು ಕಾರಿನ ಕಡೆ ತಿರುಗುವಷ್ಟರಲ್ಲಿ ಅಪ್ಪ ಚಪ್ಪಲಿ ಅಲ್ಲೇ ಬಿಟ್ಟು ಒದ್ದೆ ಹುಲ್ಲಿನ ಮೇಲೆ ಓಡಿ ಬರುತ್ತಿದ್ದರು.

"ಪುಟ್ಟೀ, ಎಲ್ಲಿ ನೋವು? ಹೇಳಮ್ಮಾ!"

ಅಕ್ಕ ಹೆಲ್ಮೆಟ್ ತೆಗೆದು ಎದ್ದು ಕುಳಿತಳು. ಗಲ್ಲದ ತುಂಬ ಕೆಸರು. "ಐಯಾಮ್ ಫೈನ್, ಅಪ್ಪಾ. ಪ್ಲೀಸ್ ಹೋಗಿ, ಎಲ್ಲರೂ ನೋಡ್ತಿದಾರೆ."

ಅಪ್ಪ ಹಿಂದೆ ಸರಿದರು, ಆದರೆ ಕಾರಿಗೆ ಹೋಗಲಿಲ್ಲ. ಮೈದಾನದ ಅಂಚಿನ ಬಿಳಿ ಗೆರೆಯ ಪಕ್ಕದಲ್ಲಿ ಬರಿಗಾಲಲ್ಲಿ ನಿಂತುಬಿಟ್ಟರು. ಎದುರಾಳಿಗಳನ್ನು ಅಡ್ಡಗಟ್ಟಿ ತಡೆಯುವುದಷ್ಟೇ ಅಕ್ಕನ ಕೆಲಸ; ಆ ಜಾಗದಲ್ಲಿ ಆಡುವವರ ಕೈಗೆ ಬಾಲ್ ಬರುವುದೇ ಇಲ್ಲ. ಅವಳು ತಡೆದಾಗಲೆಲ್ಲ "ಹಾಗೆ! ಬಿಡ್ಬೇಡ!" ಎಂದು ಕೂಗಿದರು. ಅಂದೂ ಟೀಮ್ ಸೋತಿತು.

ವಾಪಸು ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆಹೋದಳು. ಅಪ್ಪ ರೇಡಿಯೊ ಆಫ್ ಮಾಡಿ, ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: "ಅಲ್ಲ, ಇಷ್ಟು ಚೆನ್ನಾಗಿ ಆಡ್ತಾಳೆ, ಒಂದ್ಸಲನಾದ್ರೂ ಬಾಲ್ ಇವಳ ಕೈಗೆ ಯಾಕೆ ಕೊಡಲ್ಲ ಅವ್ರು?"