ಮಜ್ಜಿಗೆಯಲ್ಲಿ ನೆನೆದ ರೊಟ್ಟಿ

ಮಜ್ಜಿಗೆಯಲ್ಲಿ ನೆನೆದ ಜೋಳದ ರೊಟ್ಟಿಯ ಹುಳಿ ವಾಸನೆ ಮೂಗಿಗೆ ಬಂದರೆ ಈಗಲೂ ನನಗೆ ಅಳವಂಡಿಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ದಿನಾ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಅವನು ಖಡಕ್ ರೊಟ್ಟಿ ಕಡಿದರೆ ಸದ್ದು ಪಡಸಾಲೆಯ ತುಂಬ ಕೇಳುತ್ತಿತ್ತು. ಅಜ್ಜಿಗೋ ಆ ವಾರ ಉಳಿದಿದ್ದ ಕೊನೆಯ ದವಡೆ ಹಲ್ಲೂ ಬಿದ್ದಿತ್ತು. ಆ ಮಧ್ಯಾಹ್ನ ಊಟದ ಗಂಗಾಳದ ಮುಂದೆ ಕುಳಿತು, "ನನಗ ಹಸಿವಿಲ್ಲ" ಎಂದಳು.

ಅಜ್ಜ ಅವಳ ರೊಟ್ಟಿಯ ಜೊತೆ ತನ್ನದನ್ನೂ ಮುರಿದು ಮಜ್ಜಿಗೆಗೆ ಹಾಕಿದ.

"ನಿಮ್ಮ ಹಲ್ಲಿಗೇನಾಗೇತ್ರಿ?" ಅಜ್ಜಿ ಕೇಳಿದಳು.

"ಬ್ಯಾಸಿಗ್ಯಾಗ ನೆನಸಿದ್ದು ತಿಂದ್ರ ಹೊಟ್ಟಿ ತಂಪಿರತೈತಿ. ನೀನೂ ಉಣ್ಣು."

ಇಬ್ಬರೂ ಒಂದು ಹನಿ ಬಿಡದೆ ಉಂಡರು.

ಸ್ವಲ್ಪ ಹೊತ್ತಿಗೆ ದನದ ಕೊಟ್ಟಿಗೆಯಿಂದ ಕಟಕಟ ಸದ್ದು ಕೇಳಿ ಇಣುಕಿದೆ. ಅಜ್ಜ ಮೇವಿನ ಗೋದಲಿಗೆ ಒರಗಿ ನಿಂತು ಖಡಕ್ ರೊಟ್ಟಿ ಕಡಿಯುತ್ತಿದ್ದ. ನನ್ನನ್ನು ನೋಡಿ, "ನಿಮ್ಮಜ್ಜಿಗೆ ಹೇಳಬ್ಯಾಡ, ಯವ್ವಾ" ಎಂದ.

ನಾನು ಹೇಳಲಿಲ್ಲ. ಅಡುಗೆಮನೆಗೆ ಬಂದರೆ ಅಜ್ಜಿ ಒಂದು ವಾಟಿ ನನ್ನ ಕೈಗಿಟ್ಟಳು.

"ಬರೇ ರೊಟ್ಟಿ ಹ್ಯಾಂಗ ತಿಂತಾರ? ಈ ಶೇಂಗಾ ಚಟ್ನಿ ಕೊಟ್ಟು ಬಾ. ನಾ ಕೊಟ್ಟೆ ಅಂತ ಮಾತ್ರ ಹೇಳಬ್ಯಾಡ."